ಫಲಾನುಭವಿ

ಬಾಗಿಲು ದಾಟುತ್ತಲೇ ಪಾರಿಸ ದಿನದ ರೂಢಿಯಂತೆ, "ಎಲ್ಲಾರೂ ಹೆಂಗದೀರಿ? ರಾತ್ರಿ ನಿದ್ದಿ ಬಂತ?" ಎಂದು ಕೇಳಿಬಿಟ್ಟ. ಕೇಳಿ, ಚಪ್ಪಲಿ ಬಿಟ್ಟು, ಚೀಲವನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ ತಿರುಗಿದ ಮೇಲೆಯೇ ಖುರ್ಚಿಗಳಲ್ಲಿ ಯಾರೂ ಇಲ್ಲವೆಂಬುದು ಅವನಿಗೆ ಹೊಳೆದದ್ದು. ನೀಲಿ ಪ್ಲಾಸ್ಟಿಕ್ ಖುರ್ಚಿಗಳು ಗೋಡೆಗುಂಟ ಸಾಲಾಗಿ ಖಾಲಿ ಇದ್ದವು. ಕೊನೆಯದರಲ್ಲಿ ಮಲಕಾರಿ ಅಜ್ಜ ಒಬ್ಬನೇ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದ. "ನನಗ ಬಂತ್ರಿ ನಿದ್ದಿ. ಉಳದವರದು ಗೊತ್ತಿಲ್ಲ," ಎಂದ. ಖಾಲಿ ಖುರ್ಚಿಗಳ ನಿದ್ದೆ ವಿಚಾರಿಸಿದ್ದಕ್ಕೆ ಪಾರಿಸನಿಗೆ ನಾಚಿಕೆಯಾಗಲಿಲ್ಲ. ನಾಚಿಕೆಯಾದದ್ದು, ಆ ಮಾತಿನೊಳಗಿನ ಅಕ್ಕರೆ ಖಾಲಿ ಖುರ್ಚಿಗಳೆದುರೂ ಅಷ್ಟೇ ಚೆನ್ನಾಗಿ ಹೊರಬಿದ್ದಿತ್ತಲ್ಲ ಎಂಬುದಕ್ಕೆ. ಅವನು ಬರುವ ಮೊದಲೇ ಅವನ ದನಿ ಕೆಲಸಕ್ಕೆ ಹಾಜರಾಗಿತ್ತು.

ಐನಾಪುರದ ಈ ವೃದ್ಧರ ಹಗಲು ಕೇಂದ್ರ ನಡೆಯುತ್ತಿದ್ದದ್ದು ಸಂಸ್ಥೆಯ ಅಧ್ಯಕ್ಷ ವೃಷಭಣ್ಣನ ಹಳೆಯ ಒಣದ್ರಾಕ್ಷಿ ಗೋದಾಮಿನಲ್ಲಿ. ಎಷ್ಟು ಸಲ ಸುಣ್ಣ ಬಳಿದರೂ ಗೋಡೆಗಳಿಂದ ದ್ರಾಕ್ಷಿಗೆ ಹಿಡಿಯುತ್ತಿದ್ದ ಗಂಧಕದ ಹೊಗೆಯ ವಾಸನೆ ಹೋಗಿರಲಿಲ್ಲ. ನೋಡಿಕೊಳ್ಳುವವರಿಲ್ಲದ ಮುದುಕ ಮುದುಕಿಯರು ಬೆಳಗ್ಗೆ ಬಂದು ಚಹಾ ಕುಡಿದು, ಮಧ್ಯಾಹ್ನ ಉಂಡು, ಗುಳಿಗೆ ನುಂಗಿ, ಸಂಜೆ ತಮ್ಮ ತಮ್ಮ ಮೂಲೆ ಸೇರುತ್ತಿದ್ದರು. ಊಟ, ಗುಳಿಗೆ, ಮೇಲ್ವಿಚಾರಕನಾದ ಪಾರಿಸನ ಪಗಾರ ಎಲ್ಲಕ್ಕೂ ಸರ್ಕಾರದ ಅನುದಾನವೇ ಆಧಾರ. ಅನುದಾನಕ್ಕೆ ವರ್ಷಕ್ಕೊಮ್ಮೆ ನಡೆಯುವ ತಪಾಸಣೆ ಆಧಾರ. ತಪಾಸಣೆಗೆ ಮುದುಕರೇ ಆಧಾರ. ಹೀಗೆ ಯಾರಿಗೆ ಯಾರು ಆಸರೆಯೆಂಬುದು ವೃಷಭಣ್ಣ ವಾರ್ಷಿಕ ಸಭೆಯಲ್ಲಿ ಹೇಳುವಷ್ಟು ಸರಳವಾಗಿರಲಿಲ್ಲ.

ಅಡುಗೆಯ ಗಿರಿಜವ್ವ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದಳು. "ಕಣ್ಣಿನ ಶಿಬಿರದ ಬಸ್ ಬಂದಿತ್ರಿ ಸರ, ಮಿರಜದ್ದು. ಎಲ್ಲಾರ್ನೂ ಹತ್ತಿಸ್ಕೊಂಡ ಹ್ವಾದ್ರು. ನೀವಾ ಹೂಂ ಅಂದೀರಂತಲಾ."

ಹೌದು, ಅಂದಿದ್ದ. ಹಿಂದಿನ ತಿಂಗಳು ಮಿರಜದ ಯಾವುದೋ ಸೇವಾ ಸಂಸ್ಥೆಯವನೊಬ್ಬ ಬಂದು ಎದುರಿಗೆ ಕೂತಿದ್ದ. ಅವರಿಗೂ ಅನುದಾನ, ಅವರಿಗೂ ತಪಾಸಣೆ, ಅವರಿಗೂ ಮಂದಿ ಸಾಲದು. ಅವನ ಮುಖದಲ್ಲಿ ಪಾರಿಸ ತನ್ನದೇ ಮುಖ ಕಂಡು ಕರಗಿಹೋಗಿ, ಮರಾಠಿಯಲ್ಲೇ, ನಮ್ಮವರನ್ನು ಒಯ್ಯಿರಿ, ಎಲ್ಲರ ಕಣ್ಣಿಗೂ ಮೋತಿಬಿಂದುವಿನ ಪೊರೆ ಬಂದಿದೆ, ಎಂದು ಉದಾರವಾಗಿ ಹೇಳಿ ಮರೆತುಬಿಟ್ಟಿದ್ದ. ಮಲಕಾರಿ ಅಜ್ಜ ಮಾತ್ರ, ಇದ್ದಷ್ಟು ಕಾಣುವುದೇ ಸಾಕಾಗಿದೆ ಎಂದು ಹೇಳಿ ಬಸ್ಸು ಹತ್ತಿರಲಿಲ್ಲ. ಇರಲಿ, ಒಂದು ದಿನ ಆರಾಮ, ಎಂದುಕೊಂಡು ಪಾರಿಸ ಚಹಾ ಹೇಳಬೇಕೆನ್ನುವಾಗ ಕಿಸೆಯಲ್ಲಿ ಫೋನು ಹೊಡೆದುಕೊಂಡಿತು.

"ಪಾರಿಸ, ತಪಾಸಣಿ ಮೇಡಮ್ ಇವತ್ತ ಬರಾಕತ್ತಾರೋ," ಎಂದ ವೃಷಭಣ್ಣ. "ಮುಂದಿನ ವಾರ ಅಂದಿದ್ರು. ರಾಯಬಾಗದಾಗ ಒಂದು ಹಾಸ್ಟೆಲ್ ನೋಡಾಕ ಬಂದಾರಂತ, ಹಂಗಾ ಕುಡಚಿ ಮ್ಯಾಲಿಂದ ಈ ಕಡೆ ಬರ್ತಾರ."

"ಅಣ್ಣಾ, ಮಂದಿ ಇಲ್ರಿ."

"ಇಲ್ಲಂದ್ರ?"

"ಮಿರಜಕ್ಕ ಹೋಗ್ಯಾರ್ರಿ. ಕಣ್ಣ ತೋರಸಾಕ."

"ಎಲ್ಲಾರ ಕಣ್ಣೂ ಇವತ್ತಾ ಹ್ವಾದ್ವನು?" ಎಂದ. ವೃಷಭಣ್ಣ ಬೈಯುವವನಲ್ಲ. ಹೋದ ಸಲ ಅನುದಾನ ತಡವಾದಾಗ ಅವನು ಮನೆಯ ಜೋಳ ಕಳಿಸಿದ್ದ, ತನ್ನ ಅಂಗಡಿಯ ಬೇಳೆ ಕಳಿಸಿದ್ದ, ಮತ್ತು ಕಳಿಸಿದ್ದನ್ನು ಎಲ್ಲೂ ಹೇಳಿಕೊಂಡಿರಲಿಲ್ಲ. ಹೇಳಿಕೊಂಡಿದ್ದರೆ ಪಾರಿಸನಿಗೆ ಎಷ್ಟೋ ಹಗುರಾಗುತ್ತಿತ್ತು. "ಈ ಸಲ ನಿಂತ್ರ ನನ್ನ ಕೈಲಿ ಆಗೂದಿಲ್ಲಪಾ. ಗೋದಾಮಿನ್ಯಾಗ ಮತ್ತ ದ್ರಾಕ್ಷಿನಾ ತುಂಬಬೇಕು," ಎಂದು ಪೇಟೆಯ ಧಾರಣೆ ಹೇಳುವಂತೆ ಹೇಳಿ, ಅದೇ ದನಿಯಲ್ಲಿ, "ನಿಮ್ಮ ಅವ್ವಾರು ಮನ್ಯಾಗ ಅದಾರಲಾ?" ಎಂದು ಕೇಳಿದ.

ಆ ಪ್ರಶ್ನೆಗೆ ಕೊಡಬಹುದಾದ ಉತ್ತರಗಳು ಬಹಳ ಇದ್ದವು. ಅವೆಲ್ಲ ಆಮೇಲೆ ಸ್ಕೂಟರ್ ಮೇಲೆ ಕೂತಾಗ ಒಂದೊಂದಾಗಿ ನೆನಪಾದವು. ಆಗ ಬಾಯಿಗೆ ಬಂದದ್ದು "ಅದಾರ್ರಿ" ಎಂಬುದೊಂದೇ. ಗಿರಿಜವ್ವ ಆಗಲೇ ಸೆರಗು ಬಿಗಿದುಕೊಂಡು ತನ್ನ ಓಣಿಯ ಮುದುಕಿಯರನ್ನು ಕರೆತರಲು ಹೊರಟಿದ್ದಳು. ಚಹಾ ಇದ್ದು, ಎಲ್ಲೂ ಹೆಬ್ಬೆಟ್ಟು ಒತ್ತುವುದಿಲ್ಲವೆಂದಾದರೆ ಬರುತ್ತಾರೆ, ಎಂದು ಹೇಳಿ ಹೋದಳು.

ಮೇಡಮ್ ಎದುರಿಗೆ ನಿಂತು, ನಮ್ಮವರು ಕಣ್ಣು ತೋರಿಸಲು ಹೋಗಿದ್ದಾರ್ರೀ, ಎಂದುಬಿಟ್ಟರೆ ಏನಾದೀತು? ಸ್ಕೂಟರ್ ಓಡಿಸುತ್ತ ಪಾರಿಸ ಆ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿ ನೋಡಿದ. ನಗುತ್ತ ಹೇಳಿದ, ಗಂಭೀರವಾಗಿ ಹೇಳಿದ, ಕೈ ಮುಗಿದು ಹೇಳಿದ. ಹೇಗೆ ಹೇಳಿದರೂ ಅದು ಎಲ್ಲ ಸಂಸ್ಥೆಯವರೂ ಹೇಳುವ ಸುಳ್ಳಿನಂತೆಯೇ ಕೇಳುತ್ತಿತ್ತು. ಹಿಂದೊಮ್ಮೆ ಬಂದಿದ್ದ ತಪಾಸಣಾಧಿಕಾರಿ ಒಂದೇ ಒಂದು ಖಾಲಿ ಖುರ್ಚಿಯನ್ನು ತೋರಿಸಿ, ಇವರು ಭಜನೆಗೆ ಹೋಗಿರಬೇಕಲ್ಲ, ಎಂದು ತಾನೇ ಹೇಳಿ ನಕ್ಕಿದ್ದ. ಆ ಅಜ್ಜಿ ನಿಜವಾಗಿಯೂ ಭಜನೆಗೆ ಹೋಗಿದ್ದಳು. ಪಾರಿಸನೂ ನಕ್ಕಿದ್ದ. ನಿಜ ಗೊತ್ತಿದ್ದೂ ತಾನು ನಕ್ಕ ಆ ನಗೆ ಈಗಲೂ ಯಾವಾಗಲಾದರೊಮ್ಮೆ ಊಟದ ನಡುವೆ ನೆನಪಾಗಿ ತುತ್ತು ನಿಲ್ಲಿಸುತ್ತಿತ್ತು.

ಅವ್ವ ಪಡಸಾಲೆಯಲ್ಲಿ ಕೊಡದ ಬಾಯಿಗೆ ಅರಿವೆ ಕಟ್ಟಿ ನೀರು ಸೋಸುತ್ತಿದ್ದಳು. ಅವನು ಹೊಸ್ತಿಲಲ್ಲೇ ನಿಂತ. ಈ ಹೊತ್ತಿನಲ್ಲಿ ಮಗ ಮನೆಗೆ ಬಂದದ್ದನ್ನು ಕಂಡರೂ ಅವಳು ಯಾಕೆಂದು ಕೇಳಲಿಲ್ಲ. ಅವನೂ ಹೇಳಲಿಲ್ಲ. ಅವರಿಬ್ಬರ ನಡುವೆ ಜಗಳವೇನೂ ಇರಲಿಲ್ಲ; ಇದ್ದಿದ್ದರೆ ಅದನ್ನು ಮುಗಿಸಬಹುದಿತ್ತು. ಹಗಲೆಲ್ಲ ಕೇಂದ್ರದಲ್ಲಿ ಆಯಿ, ಅಜ್ಜಾ, ಎಂದು ಮಾತಾಡಿ ಸಂಜೆ ಮನೆಗೆ ಬರುವಾಗ ಅವನಲ್ಲಿ ಮಾತು ತೀರಿಹೋಗಿರುತ್ತಿತ್ತು. ಮೊದಮೊದಲು "ಉಂಡೀ?" ಎನ್ನುತ್ತಿದ್ದ, ಅವಳು "ಹೂಂ" ಎನ್ನುತ್ತಿದ್ದಳು. ಬರಬರುತ್ತ ಅವನು ಕೇಳುವುದು ನಿಂತು, ಅವನು ಒಳಗೆ ಬಂದೊಡನೆ ಅವಳು ತಾನೇ "ಹೂಂ" ಎನ್ನುವುದಷ್ಟೇ ಉಳಿದಿತ್ತು. ಈಚೆಗೆ ಅದೂ ನಿಂತಿದೆ. ಯಾವತ್ತು ನಿಂತಿತೆಂದು ಅವನಿಗೆ ತಿಳಿಯದು.

"ಅವ್ವಾ, ಇವತ್ತ ಕೇಂದ್ರಕ್ಕ ಬರಬೇಕಾಗೇತಿ."

"ಯಾಕ?"

"ತಪಾಸಣಿಗಿ ಮೇಡಮ್ ಬರಾಕತ್ತಾರ. ಖುರ್ಚಿ ಖಾಲಿ ಅದಾವ."

ಅವ್ವ ಅರಿವೆ ಹಿಂಡಿ ಕೊಡದ ಮೇಲೆ ಹರವಿದಳು. "ಬಂದು ಏನಂತ ಕುಂಡರಬೇಕು?"

ಫಲಾನುಭವಿ ಎಂಬ ಶಬ್ದ ದಾರಿಯಲ್ಲಿ ಬಹಳ ಸುರಕ್ಷಿತವೆನ್ನಿಸಿತ್ತು. ಅದನ್ನೇ ಹೇಳಿದ. ಅವ್ವನಿಗೆ ತಿಳಿಯಲಿಲ್ಲ. ಅಡುಗೆಮನೆಯಿಂದ ಹೆಂಡತಿ ಮನಿಷಾ, ಕೆಟ್ಟ ಮನಸ್ಸಿನಿಂದಲ್ಲ, ಅತ್ತೆಗೆ ತಿಳಿಯಲಿ ಎಂದೇ, "ಯಾರೂ ಇಲ್ಲದಾಕಿ ಅಂತ ಕುಂಡರಬೇಕ್ರಿ ಅತ್ತಿ," ಎಂದಳು.

"ಹಂಗನು," ಎಂದು ಅವ್ವ ಎದ್ದಳು. ಎದ್ದವಳು ಮೊದಲು ಮಾಡಿದ ಕೆಲಸವೆಂದರೆ ಕಿವಿಯ ಬುಗಡಿ ಬಿಚ್ಚಿದ್ದು. ಬಹಳ ಕಾಲದಿಂದ ಬಿಚ್ಚದೇ ಇದ್ದ ತಿರುಪು ಜಗ್ಗಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ತಿರುವಿ ತೆಗೆದು ಸೊಸೆಯ ಕೈಗೆ ಕೊಟ್ಟಳು. ಪಾರಿಸನಿಗೆ ಅದು ಹೊಳೆದೇ ಇರಲಿಲ್ಲ. ಯಾರೂ ಇಲ್ಲದವಳ ಕಿವಿಯಲ್ಲಿ ಬಂಗಾರ ಇರಲಾರದು. ಬಂಗಾರವಿಲ್ಲದ ಕಿವಿಯಲ್ಲಿ ಉದ್ದಕ್ಕೆ ಹರಿದಂತೆ ಇದ್ದ ರಂಧ್ರಗಳನ್ನು ಅವನು ಅದೇ ಮೊದಲ ಸಲ ನೋಡಿದ. ನೋಡಬಾರದ್ದನ್ನು ನೋಡಿದಂತೆ ಕ್ಯಾಲೆಂಡರಿನ ಕಡೆ ತಿರುಗಿದ. ಅವ್ವ ಹೊರಬಂದಾಗ ಸಂಡಿಗೆ ಹಾಕಲು ಹಾಸುವ ಹಳೆಯ ಸೀರೆ ಉಟ್ಟಿದ್ದಳು.

"ಇಷ್ಟೂ ಬ್ಯಾಡವ್ವಾ," ಎಂದ.

"ಮಾಡೂದಾದ್ರ ನೆಟ್ಟಗ ಮಾಡಬೇಕು," ಎಂದಳು.

ದಾರಿಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದರ ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಸಿನೆಮಾ ಹಾಡು ಹಚ್ಚಿಕೊಂಡು ಕಾರ್ಖಾನೆಯ ಕಡೆ ತೆವಳುತ್ತಿದ್ದವು. ಅವ್ವ ಅವನ ಹೆಗಲು ಹಿಡಿಯದೆ ಸ್ಕೂಟರಿನ ಹಿಂದಿನ ಕಬ್ಬಿಣ ಹಿಡಿದು ಕೂತಿದ್ದಳು. "ಅಲ್ಲೆ ಹ್ವಾದ ಮ್ಯಾಲ ಅವ್ವಾ ಅನಬ್ಯಾಡ ಮತ್ತ," ಎಂದಳು. ಅವನು ಹೂಂ ಎಂದ. ಸ್ವಲ್ಪ ದೂರ ಹೋದ ಮೇಲೆ, "ಅಲ್ಲೆ ಭಾಳ ಚಲೋ ಮಾತಾಡ್ತೀ ಅಂತಲಾ. ಗಿರಿಜವ್ವ ಹೇಳತಿರತಾಳ," ಎಂದಳು. "ಏನು?" ಎಂದ ಅವನು, ಟ್ರ್ಯಾಕ್ಟರಿನ ಹಾಡಿನಲ್ಲಿ ಕೇಳಿಸದವನಂತೆ. ಅವ್ವ ಎರಡನೆಯ ಸಲ ಹೇಳಲಿಲ್ಲ.

ಅದೇ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಿದ್ದರಿಂದ ನೀಲಮ ಮೇಡಮ್ ಬಂದು ಮುಟ್ಟುವಾಗ ಊಟದ ಹೊತ್ತಾಗಿತ್ತು. ಚಿಕ್ಕ ವಯಸ್ಸಿನ ಹೆಂಗಸು. ನೆಗಡಿಯಾಗಿ ಮೂಗು ಕೆಂಪಾಗಿತ್ತು. ವೃಷಭಣ್ಣ ಬಿಳಿ ಅಂಗಿ ಹಾಕಿಕೊಂಡು ಒಣದ್ರಾಕ್ಷಿಯ ಡಬ್ಬಿ ಮುಂದೆ ಹಿಡಿದ. ಆಕೆ ಒಂದೇ ಒಂದು ದ್ರಾಕ್ಷಿ ಎತ್ತಿಕೊಂಡು ಡಬ್ಬಿಯನ್ನು ಅವನ ಕಡೆಗೇ ಸರಿಸಿದಳು. ಡಬ್ಬಿ ಇಟ್ಟುಕೊಳ್ಳುವ ಅಧಿಕಾರಿಗೆ ಸುಳ್ಳು ಹೇಳುವುದು ಒಂದು ವ್ಯವಹಾರ, ಅದರಲ್ಲಿ ಇಬ್ಬರೂ ಸಮಸಮ. ಒಂದೇ ದ್ರಾಕ್ಷಿ ತಿನ್ನುವವಳಿಗೆ ಸುಳ್ಳು ಹೇಳುವುದು ಬೇರೆ.

ಖುರ್ಚಿಗಳು ತುಂಬಿದ್ದವು. ಗಿರಿಜವ್ವನ ಓಣಿಯ ಮುದುಕಿಯರು ಮದುವೆಗೆ ಬಂದವರಂತೆ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ನಡುವೆ ಅವ್ವ ಮಾತ್ರ ನೆಟ್ಟಗೆ ಕೂತು ಎದುರಿನ ಗೋಡೆ ನೋಡುತ್ತಿದ್ದಳು. ಮೇಡಮ್ ಮೊದಲು ಮಲಕಾರಿ ಅಜ್ಜನ ಹತ್ತಿರ ಹೋದಳು. ಅಲ್ಲಿದ್ದವರಲ್ಲಿ ನಿಜವಾದ ಫಲಾನುಭವಿ ಅವನೊಬ್ಬನೇ ಆದ್ದರಿಂದ ಪಾರಿಸ ಸ್ವಲ್ಪ ಉಸಿರು ಬಿಟ್ಟ.

"ಅಜ್ಜಾ, ನಿಮಗ ಮಕ್ಕಳದಾರ?"

"ನಾಕ್ ಮಂದಿ ಗಂಡಮಕ್ಕಳ್ರಿ," ಎಂದ ಅಜ್ಜ ಹೆಮ್ಮೆಯಿಂದ.

"ಹೊಲಾ?"

"ಐತ್ರಿ. ಹೊಳೀ ದಂಡಿಗೇ ಐತಿ. ಕಬ್ಬು."

"ಮತ್ತ ಇಲ್ಲ್ಯಾಕ ಬರ್ತೀರಿ?"

"ಊಟಕ್ಕರಿ," ಎಂದ ಅಜ್ಜ, ಇಷ್ಟೂ ತಿಳಿಯದೆ ಎಂಬಂತೆ.

ನಾಲ್ಕು ಮಕ್ಕಳ ಮನೆಯಲ್ಲಿ ಅವನಿಗೆ ತಾಟು ಇಡುವವರಿಲ್ಲವೆಂಬುದು ಊರಿಗೇ ಗೊತ್ತು. ಅದನ್ನು ವಿವರಿಸಲು ಪಾರಿಸ ಬಾಯಿ ತೆರೆದ. ಮೇಡಮ್ ಅವನ ಕಡೆ ನೋಡದೆ ಏನನ್ನೋ ಬರೆದುಕೊಂಡಳು. ಆಕೆಯ ಮುಖ ಬಿಗಿದಿತ್ತು. ಗಿರಿಜವ್ವನ ಓಣಿಯವರನ್ನು ಆಕೆ ಏನೂ ಕೇಳಲಿಲ್ಲ. "ಊಟಾ ಹಾಕ್ರಿ, ನಾನೂ ಇವರ ಜೋಡಿನಾ ಉಣ್ತೀನಿ," ಎಂದು ಹೋಗಿ ಅವ್ವನ ಪಕ್ಕದಲ್ಲೇ ಕೂತಳು.

ರೊಟ್ಟಿ, ಕಡಲೆಹಿಟ್ಟಿನ ಝುಣಕ, ಅನ್ನ, ಸಾರು. ಬಡಿಸುವುದು ಪಾರಿಸನ ಕೆಲಸ. ಬಡಿಸುತ್ತ ಒಬ್ಬೊಬ್ಬರ ಎದುರೂ ಬಗ್ಗಿ ವಿಚಾರಿಸುವುದು ಅವನ ಪದ್ಧತಿ. ಝುಣಕದ ಬೋಗುಣಿ ಹಿಡಿದು ಸಾಲಿನಲ್ಲಿ ಮುಂದೆ ಮುಂದೆ ಬರುತ್ತ, ಅವ್ವನೆದುರು ಬರುವಷ್ಟರಲ್ಲಿ ದನಿ ಕೈಕೊಡಬಹುದೆಂದು ಹೆದರಿದ. ಕೊಡಲಿಲ್ಲ. "ಆಯೀ, ಇನ್ನೊಂದೀಟು ಹಾಕ್ಲ್ಯಾ? ಬಿಸಿ ಐತ್ರಿ, ಉಣ್ರಿ," ಎಂದಿತು ದನಿ, ಮೆತ್ತಗೆ, ಬೆನ್ನು ನೇವರಿಸಿದ ಹಾಗೆ. ಅವ್ವ ತಲೆಯೆತ್ತಿ ಅವನ ಮುಖ ನೋಡಿದಳು. ಎಂದೂ ಯಾರೂ ಅವನನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಕೇಳಿದ್ದು ನಿಜವೇ ಎಂದು ಖಾತ್ರಿ ಮಾಡಿಕೊಂಡವಳಂತೆ, "ಹಾಕ್ರಿ ಸರ," ಎಂದಳು. ಹಾಕಿದ ಮೇಲೆ ಅವನಿಗೆ ನೆನಪಾಯಿತು, ಝುಣಕದಲ್ಲಿ ಉಳ್ಳಾಗಡ್ಡಿ ಇತ್ತು. ಜೈನರ ಮನೆಯಲ್ಲಿ ಹುಟ್ಟಿದ ಅವ್ವ ಎಂದೂ ಗಡ್ಡೆ ಮುಟ್ಟಿದವಳಲ್ಲ. ಮನೆಯಲ್ಲಿ ಅವನು ಹೊರಗಿನಿಂದ ತಿಂದು ಬಂದರೆ ವಾಸನೆಗೇ ಎದ್ದು ಹೋಗುತ್ತಿದ್ದಳು. ಅವಳು ರೊಟ್ಟಿ ಮುರಿದು ಝುಣಕಕ್ಕೆ ಅದ್ದಿ ಬಾಯಿಗಿಟ್ಟು, ಅವಸರವಿಲ್ಲದೆ ಅಗಿದು ನುಂಗಿದಳು. ಯಾರೂ ಇಲ್ಲದವಳಿಗೆ, ಹಾಕಿದ್ದನ್ನು ಬೇಡವೆನ್ನುವ ಧರ್ಮವೂ ಇಲ್ಲ ಎಂಬುದನ್ನು ಅವಳು ತಾನಾಗಿಯೇ ಲೆಕ್ಕ ಹಾಕಿಕೊಂಡಿದ್ದಳು.

"ಆಯೀ, ನಿಮಗ ಮಕ್ಕಳು?" ಎಂದು ಕೇಳಿದಳು ಮೇಡಮ್.

"ಒಬ್ಬಾಂವ ಇದ್ದಾ ನೋಡ್ರಿ ಬಾಯಾರ."

ಪಾರಿಸ ಮುಂದಿನ ತಾಟಿಗೆ ಬಡಿಸಲು ಬಗ್ಗಿದ್ದವನು ಹಾಗೇ ನಿಂತ. ಬಾಗಿಲ ಹತ್ತಿರ ವೃಷಭಣ್ಣ ಕೆಮ್ಮಿದ.

"ಸಣ್ಣಾಂವಿದ್ದಾಗ ಜ್ವರಾ ಬಂದ್ವು," ಎಂದಳು ಅವ್ವ. "ಮಳಿಗಾಲ. ಹೊಳಿ ತುಂಬಿತ್ತು. ಅವರಪ್ಪ ಊರಾಗ ಇರಲಿಲ್ಲ. ನಾನಾ ಹೊತ್ಕೊಂಡು ಉಗಾರಕ್ಕ ನಡದ್ನಿ, ಅಲ್ಲಿಂದ ರೈಲು ಹತ್ತಿ ಮಿರಜಕ್ಕ. ರೈಲಿನ್ಯಾಗ ಕಿಡಕಿ ಕಡೆ ಕುಂಡರಸು ಅಂದ. ಗಾಳಿ ಬಡೀತೈತಂತ ಸೆರಗಿನ್ಯಾಗ ಸುತ್ತಿ ಹಿಡದಿದ್ನಿ. ಶೇಡಬಾಳ ಟೇಸನ್ಯಾಗ ಒಬ್ಬಾಕಿ ಪೇರಲಹಣ್ಣ ಮಾರಾಕತ್ತಿದ್ಳು. ಬೇಕಂತ ಹಟಾ ಹಿಡದ. ಜ್ವರದಾಗ ಕೊಡಬಾರದಂತ ಕೊಡಸಲಿಲ್ಲ. ಬರಾಮುಂದ ಕೊಡಸ್ತೀನಿ ಅಂದ್ನಿ."

ತೊಗರಿಬೇಳೆಯ ದರ ಹೇಳುವಂತೆ ಹೇಳುತ್ತಿದ್ದಳು. ನಡುನಡುವೆ ರೊಟ್ಟಿ ಮುರಿಯುತ್ತಿದ್ದಳು. ಪಾರಿಸ ಬೋಗುಣಿ ಹಿಡಿದು ನಿಂತೇ ಇದ್ದ. ಆ ಜ್ವರ ಅವನಿಗೆ ನೆನಪಿತ್ತು, ಅಂದರೆ ಶಾಲೆ ತಪ್ಪಿದ್ದು, ಹಾಲಿನಲ್ಲಿ ಅದ್ದಿದ ಬ್ರೆಡ್ಡು, ಅಪ್ಪ ತಂದ ಪ್ಲಾಸ್ಟಿಕ್ ಲಾರಿ. ರೈಲು ನೆನಪಿರಲಿಲ್ಲ. ತುಂಬಿದ ಹೊಳೆ ನೆನಪಿರಲಿಲ್ಲ. ಮಳೆಯಲ್ಲಿ ಉಗಾರದವರೆಗೆ ಯಾರೋ ತನ್ನನ್ನು ಹೊತ್ತು ನಡೆದಿದ್ದರೆಂಬುದನ್ನು ಈ ಐವತ್ತರ ಹತ್ತಿರದಲ್ಲಿ, ಝುಣಕದ ಬೋಗುಣಿಯ ಬಿಸಿ ಅಂಗೈ ಸುಡುತ್ತಿರುವಾಗ, ಮೂರನೆಯವರಿಗೆ ಹೇಳುವ ಮಾತಿನಲ್ಲಿ ಕೇಳಿಸಿಕೊಳ್ಳುತ್ತಿದ್ದ. ಅದರಲ್ಲಿ ಎಷ್ಟು ನಿಜ, ಎಷ್ಟು ಈ ಹೊತ್ತಿಗೆಂದು ಕಟ್ಟಿದ್ದು, ತಿಳಿಯುವ ಉಪಾಯವಿರಲಿಲ್ಲ. ಕೇಳಲು ಮನೆಯಲ್ಲಿ ಎಷ್ಟೊಂದು ಸಂಜೆಗಳಿದ್ದವು.

"ಮುಂದ?" ಎಂದಳು ಮೇಡಮ್. ಆಕೆಯ ತಾಟಿನಲ್ಲಿ ಅನ್ನ ಆರುತ್ತಿತ್ತು.

"ದವಾಖಾನ್ಯಾಗ ತಣ್ಣೀರಿನ ಅರವೀಲೆ ಅವನ ಮೈ ವರಸಿ ವರಸಿ ನನ್ನ ಕೈ ಮರಗಟ್ಟಿದ್ವು. ನಸಿಕಿನ್ಯಾಗ ಒಮ್ಮೆ ಕಣ್ಣ ತಗದು ಅವ್ವಾ ಅಂದ." ಅವ್ವ ತಾಟಿನಲ್ಲಿ ಉಳಿದ ರೊಟ್ಟಿಯ ಚೂರನ್ನು ಒಟ್ಟು ಮಾಡಿದಳು. "ಆಮ್ಯಾಲ ಅನ್ನಲಿಲ್ಲ."

ಓಣಿಯ ಮುದುಕಿಯರಲ್ಲಿ ಒಬ್ಬಳು ಸೆರಗು ಬಾಯಿಗಿಟ್ಟು ಬಿಕ್ಕಿದಳು. ಪಾರಿಸ ದಿನಾ ಸ್ಕೂಟರ್ ಹತ್ತಿ ಹೋಗುವುದನ್ನು ಆಕೆ ತನ್ನ ಕಟ್ಟೆಯಿಂದ ನೋಡುತ್ತಿದ್ದವಳೇ. ಮೇಡಮ್ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡಳು. ನೆಗಡಿಯೇ ಇರಬಹುದು. ಪಾರಿಸನಿಗೆ ಮೊದಲು ಸಿಟ್ಟು ಬಂತು, ಇಷ್ಟು ಸಲೀಸಾಗಿ ತನ್ನನ್ನು ಮುಗಿಸಿಬಿಟ್ಟಳಲ್ಲ ಎಂದು. ಆಮೇಲೆ, ಆ ಪೇರಲಹಣ್ಣು ಸಿಗದ ಹುಡುಗನ ಬಗ್ಗೆ ದುಃಖವಾಯಿತು. ಅವನು ಬದುಕಿದ್ದರೆ ಇಷ್ಟು ಹೊತ್ತಿಗೆ ಏನಾಗಿರುತ್ತಿದ್ದನೋ, ಅವ್ವನನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದನೋ. ಈ ವಿಚಾರ ಬಂದದ್ದು ತನ್ನ ತಲೆಯಲ್ಲೇ ಎಂದು ಗೊತ್ತಾದಾಗ ಬೋಗುಣಿ ಕೆಳಗಿಟ್ಟ.

ಹೊರಡುವ ಮುಂಚೆ ಮೇಡಮ್ ಅವ್ವನ ಹೆಸರು ಕೇಳಿ ಬರೆದುಕೊಂಡು, ಪಾರಿಸನನ್ನು ಕಾರಿನ ಹತ್ತಿರ ಕರೆದಳು. "ನಾಕ್ ಮಕ್ಕಳ ಅಜ್ಜನ್ನ ನೋಡಿ ನಾ ಬ್ಯಾರೇನಾ ತಿಳ್ಕೊಂಡಿದ್ದೆ. ಈ ಆಯಿನ್ನ ಎಲ್ಲಿಂದ ಕರ್ಕೊಂಡ್ ಬಂದ್ರಿ?"

"ನಮ್ಮ ಮನೀ ಕಡೇನಾ ಇದ್ರರಿ."

"ಚಲೋ ಕೆಲಸಾ ಮಾಡಾಕತ್ತೀರಿ. ಆಕಿಗಿ ನಿಮ್ಮಂಥಾ ಮಗಾ ಒಬ್ಬ ಉಳದಿದ್ರ ಇಲ್ಲಿಗ್ಯಾಕ ಬರ್ತಿದ್ಳು?"

"ಹೌದ್ರಿ," ಎಂದ ಪಾರಿಸ. ಕಾರು ತಿರುವು ದಾಟಿದ ಮೇಲೆ ವೃಷಭಣ್ಣ ಅವನ ಹೆಗಲ ಮೇಲೆ ಕೈ ಹಾಕಿ, "ನಿಮ್ಮ ಅವ್ವಾರು ನಾಟಕದಾಗ ಇರಬೇಕಿತ್ತು ಬಿಡಪಾ," ಎಂದು ನಕ್ಕ. ಪಾರಿಸನೂ ನಕ್ಕ.

ಹೊತ್ತು ಮುಳುಗುವ ಮೊದಲು ಉಣ್ಣಬೇಕಾದವಳೆಂದು ಅವ್ವನನ್ನು ಬೇಗನೆ ಮನೆಗೆ ಕರೆತಂದ. ಅವಳು ಮಿಂದು, ಮಡಿಯುಟ್ಟು, ದೇವರ ಮುಂದೆ ಕೂತು ಎದ್ದು ಪಡಸಾಲೆಗೆ ಬಂದಳು. ಮನಿಷಾ ಬುಗಡಿ ತಂದುಕೊಟ್ಟಳು. ಅದನ್ನು ಹಾಕಿಕೊಳ್ಳಲು ಅವ್ವ ಬಹಳ ಹೊತ್ತು ತಿಣುಕಿದಳು. ಪಾರಿಸ ಎದುರಿಗೆ ಕೂತಿದ್ದ. ಎದ್ದು ಹಾಕಿಕೊಡಬಹುದಿತ್ತು. ಕೇಂದ್ರದಲ್ಲಿ ಮುದುಕಿ ಲಕ್ಕವ್ವನ ಚಪ್ಪಲಿಯ ಪಟ್ಟಿ ಕೂಡ ಅವನೇ ಹಾಕುತ್ತಾನೆ. ಕೈ ಏಳಲಿಲ್ಲ. ಮನಿಷಾಳೇ ಹಾಕಿಕೊಟ್ಟಳು. ತಾಟು ಹಚ್ಚಲೇ ಎಂದು ಕೇಳಿದಾಗ ಅವ್ವ ಬೇಡವೆಂದು ಕೈ ಆಡಿಸಿದಳು.

"ಯಾಕವ್ವಾ?"

"ಉಪವಾಸ. ಇವತ್ತ ಸಂಜಿಯಿಂದ. ಉಳ್ಳಾಗಡ್ಡಿಗೊಂದಿನ, ಸುಳ್ಳಿಗೊಂದಿನ."

"ಪೇರಲಹಣ್ಣು ಖರೇನಾ?" ಎಂದು ಪಾರಿಸ ಕೇಳಿದ.

"ಖರೇ."

"ರೈಲು?"

"ಖರೇ."

"ಮತ್ತ ಸುಳ್ಳ ಯಾವುದು?"

"ಕಡೀದೊಂದಾ," ಎಂದಳು ಅವ್ವ. "ಬರಾಮುಂದ ಶೇಡಬಾಳದಾಗ ಆಕಿನ್ನ ಹುಡಕಿದ್ನಿ. ಇರಲಿಲ್ಲ. ಮಿರಜದಾಗ ಕೊಡಸಬೇಕಿತ್ತು, ಹೊಳೀಲಿಲ್ಲ. ನೀ ಮಕ್ಕೊಂಡಿದ್ದಿ."

ಇಷ್ಟು ಉದ್ದದ ಮಾತು ಈ ಪಡಸಾಲೆಯಲ್ಲಿ ಆಡಿ ಎಷ್ಟೋ ಕಾಲವಾಗಿತ್ತು. ಅದು ನಿಂತುಹೋದರೆ ಮತ್ತೆ ಹುಟ್ಟಲಿಕ್ಕಿಲ್ಲವೆಂದು ಹೆದರಿ, ಸುಳ್ಳು ಹೇಳಿಸಿದವನು ತಾನು, ತನ್ನದೂ ಪಾಲಿದೆ ಎಂದು ತೋರಿಸಬೇಕೆನ್ನಿಸಿ, "ನಾನೂ ನಿನ್ನ ಜೋಡಿ ಉಪವಾಸಾ ಮಾಡ್ತೀನಿ ತಗೋ," ಎಂದ.

ಅವ್ವ ಅವನನ್ನು ನೋಡಿದಳು. "ನೀ ಸತ್ತಾಂವಾ. ನಿನಗೆಂಥಾ ಉಪವಾಸ," ಎಂದು, ಹಾಸಿಗೆ ಬಿಡಿಸಲು ಒಳಗೆ ಹೋದಳು. ಅದನ್ನು ನಗೆಯಾಡಿ ಹೇಳಿದಳೋ ಇಲ್ಲವೋ ಎಂದು ಮನಿಷಾಳನ್ನು ಕೇಳಿದ. ಅವಳಿಗೂ ಹೇಳಲು ಬರಲಿಲ್ಲ.

ಉಪವಾಸ ಮುಗಿದ ಮೇಲಿನ ಬೆಳಗ್ಗೆ ಅವನು ಸ್ಕೂಟರ್ ಹೊರಗೆ ತೆಗೆಯುವಾಗ ಅವ್ವ ಹೊಸ್ತಿಲಾಚೆ ನಿಂತಿದ್ದಳು. ಬುಗಡಿ ಇರಲಿಲ್ಲ. ಕೈಯಲ್ಲಿ ಸೋಸಿದ ನೀರಿನ ತಂಬಿಗೆ. "ಎಲ್ಲಿಗಿ?" ಎಂದರೆ, "ಕೇಂದ್ರಕ್ಕ," ಎಂದಳು. ಎಲ್ಲರೂ ಮಿರಜದಿಂದ ವಾಪಸು ಬಂದಿದ್ದಾರೆ, ಇನ್ನು ಬೇಕಾಗಿಲ್ಲ, ಎಂದು ಅವನು ತಿಳಿಸಿ ಹೇಳಿದ. "ನನ್ನ ಹೆಸರ ಬರ್ಕೊಂಡ ಹೋಗ್ಯಾರಲಾ ಬಾಯಾರು," ಎಂದು ಅವಳು ಹಿಂದಿನ ಸೀಟು ಹತ್ತಿ ಕೂತಳು. ಒಂದು ಸುಳ್ಳಿಗೆ ಒಂದು ಉಪವಾಸ ಸಾಕು, ಅದನ್ನು ದಿನಾ ನಿಜ ಮಾಡಿಕೊಂಡು ಹೋದರೆ ಮತ್ತೆ ಮಾಡಬೇಕಿಲ್ಲ ಎಂದುಕೊಂಡಿದ್ದಳೋ ಏನೋ.

ಆ ವರ್ಷ ಅನುದಾನ ಎಂದೂ ಇಲ್ಲದಷ್ಟು ಬೇಗ ಬಂತು. ವೃಷಭಣ್ಣ ಪೇಢೆ ಹಂಚಿದ. ಮಲಕಾರಿ ಅಜ್ಜನ ಹೆಸರಿನೆದುರು ಮಾತ್ರ, ಮಕ್ಕಳಿರುವುದರಿಂದ ಅರ್ಹನಲ್ಲ, ಎಂದು ಬರೆದು ಬಂದಿತ್ತು. ಅಜ್ಜನಿಗೆ ಯಾರೂ ಅದನ್ನು ಹೇಳಲಿಲ್ಲ. ಅವ್ವನ ಹೆಸರಿನಲ್ಲಿ ಬಂದ ಊಟ ಅಜ್ಜ ಉಣ್ಣುತ್ತಿದ್ದ, ಅವ್ವನಿಗೆಂದು ಗಿರಿಜವ್ವ ಉಳ್ಳಾಗಡ್ಡಿ ಹಾಕದೆ ಬೇರೆ ಮಾಡುತ್ತಿದ್ದಳು. ಪಾರಿಸ ಬಡಿಸುತ್ತ ಬಂದು, ಆಯೀ, ಮೊಣಕಾಲು ಹೆಂಗೈತ್ರಿ, ಎಂದು ಕೇಳುತ್ತಿದ್ದ. ಅವ್ವ ಮೊಣಕಾಲಿನ ಬಗ್ಗೆ ವಿಸ್ತಾರವಾಗಿ ಹೇಳುತ್ತಿದ್ದಳು. ಅವಳಿಗೆ ಮೊಣಕಾಲು ನೋವಿದೆಯೆಂದು ಅವನಿಗೆ ತಿಳಿದದ್ದು ಕೇಂದ್ರದಲ್ಲೇ. ಬೇಸಿಗೆಯಲ್ಲಿ ಉಂಡರೆ ಎದೆ ಉರಿಯುತ್ತದೆಂದು, ರಾತ್ರಿ ಕೆಟ್ಟ ಕನಸು ಬೀಳುತ್ತವೆಂದು, ಅಪ್ಪ ಒಮ್ಮೆ ಅಥಣಿಯ ಸಂತೆಯಲ್ಲಿ ಅವಳನ್ನು ಮರೆತು ಬಂದಿದ್ದನೆಂದು, ಎಲ್ಲ ತಿಳಿದದ್ದು ಅಲ್ಲೇ, ಸರ ಎಂದು ಕರೆಸಿಕೊಂಡೇ. ಸಂಜೆ ಒಂದೇ ಸ್ಕೂಟರಿನಲ್ಲಿ ಮನೆಗೆ ಬಂದ ಮೇಲೆ ಇಬ್ಬರೂ ಸುಮ್ಮನಾಗುತ್ತಿದ್ದರು. ಕೆಲಸ ಮುಗಿದವರ ಹಾಗೆ.

ಒಂದು ಮಧ್ಯಾಹ್ನ, ಉಂಡ ಮೇಲೆ ಮುದುಕಿಯರೆಲ್ಲ ಗೋಡೆಗೊರಗಿ ಕೂತಿದ್ದಾಗ ಅವ್ವ ಮತ್ತೆ ಆ ಕಥೆ ಹೇಳುತ್ತಿದ್ದಳು. ಈಗ ಹೇಳುವಾಗ ಹೊಳೆ ಇನ್ನಷ್ಟು ತುಂಬಿರುತ್ತಿತ್ತು, ರೈಲು ಇನ್ನಷ್ಟು ತಡವಾಗುತ್ತಿತ್ತು, ಹುಡುಗ ಇನ್ನಷ್ಟು ಜಾಣನಾಗಿರುತ್ತಿದ್ದ. ಪಾರಿಸ ಒಳಗೆ ಅಡುಗೆಕೋಣೆಯಲ್ಲಿ ಗಿರಿಜವ್ವನಿಗೆ ನೆರವಾಗುತ್ತ ಅನ್ನದ ಭಗೋಣಿ ತಿಕ್ಕುತ್ತಿದ್ದ. ಉಗಾರದ ಲಕ್ಕವ್ವ, ಪೊರೆ ತೆಗೆಸಿಕೊಂಡು ಕರಿ ಕನ್ನಡಕ ಹಾಕಿದವಳು, ಕಥೆ ಮುಗಿದಾಗ ಕನ್ನಡಕದ ಕೆಳಗೆ ಬೆರಳು ತೂರಿಸಿ ಕಣ್ಣು ಒರೆಸಿಕೊಂಡಳು. ಅವಳಿಗೆ ಮೇಲ್ವಿಚಾರಕನೆಂದರೆ ಸರ ಅಷ್ಟೇ, ಬೇರೆ ಹೆಸರಿದೆಯೆಂದು ಗೊತ್ತಿರಲಿಲ್ಲ.

"ಹೆಸರೇನಿತ್ತಬೇ ಆ ಹುಡುಗಂದು?"

ಅವ್ವ ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ದಾಟಿ ಹೋಗುವ ತನಕ ಕಾದಳು.

"ಪಾರಿಸ," ಎಂದಳು.

"ಓ," ಎಂದ ಪಾರಿಸ, ಒಳಗಿನಿಂದ.